ಒಂದು ಸಹಿ, ಒಂದು ಫೋಟೊ

ಹುಮನಾಬಾದಿನ ಆ ಹುಡುಗಿ ಆಗಷ್ಟೇ ಪಿಯುಸಿ ಮುಗಿಸಿದ್ದಳು. ಎಂಜಿನಿಯರಿಂಗ್ ಸೀಟಿಗೆ 371(ಜೆ) ಪ್ರಮಾಣಪತ್ರ ಬೇಕಿತ್ತು. 2012ರ ಸಂವಿಧಾನ ತಿದ್ದುಪಡಿಯ ನಂತರ ಈ ಭಾಗದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದೆಡೆ ಶೇ. 8ರಷ್ಟು ಸೀಟುಗಳು ಮೀಸಲು. ನೀನು ಈ ನೆಲದವಳೇ ಎಂದು ಬರೆದುಕೊಡಬೇಕಾದದ್ದು ಸಹಾಯಕ ಆಯುಕ್ತರು. ಅವರ ಕಚೇರಿ ಇರುವುದು 30 ಕಿ.ಮೀ. ಆಚೆ, ಬಸವಕಲ್ಯಾಣದಲ್ಲಿ.

ಅಪ್ಪ ಬೆಳಿಗ್ಗೆಯೇ ಸ್ಕೂಟರ್ ಹೊರತೆಗೆದರು. ಫೈಲು, ಝೆರಾಕ್ಸ್ ಪ್ರತಿ, ಬುತ್ತಿ ಡಬ್ಬಿ ಎಲ್ಲವನ್ನೂ ಎಣಿಸಿದರು. ಮಗಳ ಹೆಗಲಲ್ಲಿ ಕಾಕಾನ ಹಳೆಯ ಕ್ಯಾಮೆರಾ ಕಂಡು ಮುಖ ಗಂಟಾಯಿತು. ‘ಆಫೀಸಿಗಿ ಹೊಂಟೀವಿ. ಅದೆದಕ್ಕ?’

ಅವಳು ಉತ್ತರಿಸಲಿಲ್ಲ. ಹೊರ ಊರಿನ ಕಾಲೇಜು ಸಿಕ್ಕರೆ ಅವಳು ನಾಲ್ಕು ವರ್ಷ ಇಲ್ಲಿರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಿರಲಿಲ್ಲ.

ಕಚೇರಿಯಲ್ಲಿ ಕಾಗದ ಕೊಟ್ಟ ಮೇಲೆ ಸಹಿಯಾಗುವವರೆಗೆ ಬಿಡುವಿತ್ತು. ಕೋಟೆಗೆ ಹೋದರು. ಚಾಲುಕ್ಯರ ರಾಜಧಾನಿಯಾಗಿದ್ದ, ಬಸವಣ್ಣನವರು ನಡೆದಾಡಿದ ಊರು. ಅವಳು ಬಾಗಿಲು, ಬುರುಜು ಎಂದು ಕಂಡದ್ದೆಲ್ಲ ಕ್ಲಿಕ್ಕಿಸಿದಳು. 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವಣ್ಣನವರ ಪ್ರತಿಮೆಯನ್ನೂ ಬಿಡಲಿಲ್ಲ. ಪರದೆಯಲ್ಲಿ ನೋಡಿದರೆ ಎಲ್ಲವೂ ಅಂಗಡಿಯ ಕ್ಯಾಲೆಂಡರಿನಂತೆ ಕಂಡವು. ಅವಳಿಗೆ ಬೇಸರವಾಯಿತು.

ಮಧ್ಯಾಹ್ನ ಪತ್ರ ಕೈಗೆ ಬಂತು. ಹುಮನಾಬಾದು ತಲುಪುವಾಗ ಅವಳು ಹಿಂದಿನಿಂದ ಹೇಳಿದಳು: ‘ಅಪ್ಪಾ, ಜಲಸಂಗ್ವಿ ಇಲ್ಲೇ ಸನಿ ಅದ.’

‘ಕೆಲಸ ಆಗ್ಯಾದ. ಮನಿಗಿ ನಡಿ.’

‘ನೀವು ಒಮ್ಮಿಯಾದ್ರೂ ನೋಡೀರೇನು?’

ಅಪ್ಪ ಸುಮ್ಮನಾದರು. ಹುಟ್ಟಿದಾಗಿನಿಂದ ಇದೇ ತಾಲ್ಲೂಕಿನಲ್ಲಿದ್ದವರು, ನೋಡಿರಲಿಲ್ಲ. ಸ್ಕೂಟರ್ ಜಲಸಂಗ್ವಿಯ ಕಡೆಗೆ ತಿರುಗಿತು.

ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಉಳಿದವರಂತೆ ಕನ್ನಡಿ ನೋಡುತ್ತ ನಿಂತವಳಲ್ಲ. ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಅದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಆದರೆ ಗೋಡೆ ನೆರಳಿನಲ್ಲಿತ್ತು. ಎಷ್ಟು ಸಲ ಕ್ಲಿಕ್ಕಿಸಿದರೂ ಅಕ್ಷರಗಳು ಕಲ್ಲಿನಲ್ಲೇ ಕರಗಿಹೋಗುತ್ತಿದ್ದವು.

‘ಬೆಳಕು ಪಕ್ಕದಿಂದ ಬೀಳಬೇಕು. ಆಗ ಗೆರೆಗಳಲ್ಲಿ ನೆರಳು ನಿಂತು ಅಕ್ಷರ ಏಳ್ತಾವ’ ಎಂದಳು ಮಗಳು.

ಅಪ್ಪ ಒಂದು ಕ್ಷಣ ಯೋಚಿಸಿದರು. ಚೀಲದಿಂದ ಬುತ್ತಿ ಡಬ್ಬಿಯ ಸ್ಟೀಲ್ ಮುಚ್ಚಳ ತೆಗೆದು ಅಂಗಿಯಂಚಿಗೆ ಒರೆಸಿ, ಬಿಸಿಲಲ್ಲಿ ನಿಂತು ಓರೆಯಾಗಿ ಹಿಡಿದರು. ಬೆಳಕು ಗೋಡೆಯ ಮೇಲೆ ಅಲುಗಾಡಿ ಅಕ್ಷರಗಳ ಮೇಲೆ ನಿಂತಿತು. ಒಂದೊಂದೇ ಸಾಲು ಎದ್ದು ಬಂತು. ‘ಇನ್ನಾ ಸ್ವಲ್ಪ ಎಡಕ್ಕ, ಅಪ್ಪಾ.’ ಕೈ ನೋಯುವವರೆಗೂ ಅವರು ಹಿಡಿದೇ ಇದ್ದರು.

ಕ್ಲಿಕ್ಕಿಸಿದ್ದಾದ ಮೇಲೂ ಮುಚ್ಚಳ ಕೆಳಗಿಳಿಸಲಿಲ್ಲ. ‘ಒಂಬತ್ತು ನೂರು ವರ್ಷದಿಂದ ಬರೀಲಿಕ್ಕತ್ತಾಳ, ನೋಡು’ ಎಂದರು, ಅವಳಿಗಲ್ಲ, ತಮಗೇ ಹೇಳಿಕೊಂಡಂತೆ.

ಮಕ್ಕಳ ಮುಂದಿನ ದಾರಿಗಾಗಿ ಹೆತ್ತವರು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಈ ಊರಿನವರು ಎಂಬುದಕ್ಕೆ ಸಹಿ, ಮೊಹರು ಬೇಕೇ ಬೇಕು. ಆದರೆ ಊರನ್ನು ಒಟ್ಟಿಗೆ ನಿಂತು ನೋಡುವುದಕ್ಕೆ ಯಾವ ಅರ್ಜಿಯೂ ಬೇಡ. ಅರ್ಧ ದಿನ ಸಾಕು.

ಆ ರಾತ್ರಿ ಪ್ರಮಾಣಪತ್ರವನ್ನು ಫೈಲಿಗೆ ಸೇರಿಸುತ್ತ ಅಪ್ಪ ಹೇಳಿದರು: ‘ಆ ಫೋಟೊ ಎರಡು ಪ್ರಿಂಟ್ ಹಾಕಿಸು. ಒಂದು ನಿನ್ನ ಸಂಗಟ ಒಯ್ಯಿ. ಒಂದು ಇಲ್ಲಿರಲಿ.’