ನೆಲದೊಳಗಿನ ರುಚಿ

ಪೇಟೆಯ ಕಾಯಿಪಲ್ಲೆಯನ್ನು ಕಣ್ಣು ಆರಿಸುತ್ತದೆ, ಕೈ ತೂಗಿ ನೋಡುತ್ತದೆ. ಆದರೆ ಕೆಲವು ಪದಾರ್ಥಗಳ ಮುಂದೆ ಇವೆರಡೂ ಸೋತು ಮೂಗಿಗೆ ಶರಣು ಹೋಗಬೇಕಾಗುತ್ತದೆ. ನಿಪ್ಪಾಣಿಯ ತಂಬಾಕಿನ ವ್ಯಾಪಾರಿಗೆ ಈ ಮಾತನ್ನು ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ಮೂಗನ್ನೇ ನಂಬಿ ಬಂಗಾರದಂತಹ ಬೆಲೆ ತೆರುವ ಇನ್ನೊಂದು ವ್ಯಾಪಾರ ಯೂರೋಪು ಖಂಡದಲ್ಲಿದೆ. ಆ ಸರಕಿನ ಹೆಸರು ಟ್ರಫಲ್.

ನೋಡಲು ಅದು ಮಣ್ಣು ಮೆತ್ತಿದ ಬಟಾಟೆ. ಆದರೆ ಗಡ್ಡೆಯೂ ಅಲ್ಲ, ಬೇರೂ ಅಲ್ಲ. ನೆಲದೊಳಗೇ ಹುಟ್ಟಿ ನೆಲದೊಳಗೇ ಬಲಿಯುವ ಅಣಬೆ. ಓಕ್, ಹೇಜಲ್ ಮೊದಲಾದ ಮರಗಳ ಬೇರನ್ನು ಅದು ಆಶ್ರಯಿಸಿರುತ್ತದೆ. ಮರ ಅದಕ್ಕೆ ಸಕ್ಕರೆಯನ್ನು ಕೊಟ್ಟರೆ, ಅದು ಮರಕ್ಕೆ ನೀರನ್ನೂ ಲವಣಗಳನ್ನೂ ಒದಗಿಸುತ್ತದೆ. ಗಾಳಿಗೆ ಬೀಜಕಣಗಳನ್ನು ತೂರುವ ಭಾಗ್ಯ ನೆಲದಡಿಯ ಈ ಜೀವಿಗೆ ಇಲ್ಲವಾದುದರಿಂದ, ಕಾಡುಪ್ರಾಣಿಗಳು ಅಗೆದು ತಿಂದು ಕಣಗಳನ್ನು ಹರಡಲೆಂದು ಅದು ಗಾಢವಾದ ಪರಿಮಳವನ್ನು ಬೀರುತ್ತದೆ. ಆ ಪರಿಮಳದ ಜಾಡು ಹಿಡಿಯಲು ಹಿಂದೆ ಹಂದಿಗಳನ್ನು ಒಯ್ಯುತ್ತಿದ್ದರು. ಹಂದಿ ಸಿಕ್ಕುದನ್ನು ತಾನೇ ನುಂಗುವುದು, ನೆಲವನ್ನೂ ಕೆಡಿಸುವುದು. ಆದುದರಿಂದ ಇಟಲಿ ದೇಶವು 1985ರಲ್ಲಿ ಅದನ್ನು ನಿಷೇಧಿಸಿತು. ಈಗ ಆ ಕೆಲಸ ಪಳಗಿದ ನಾಯಿಗಳದು.

ಟ್ರಫಲಿನಲ್ಲಿಯೂ ಜಾತಿಗಳುಂಟು, ಜಾತಿಗೆ ತಕ್ಕಂತೆ ಅಡಿಗೆ. ಇಟಲಿಯ ಆಲ್ಬಾ ಪಟ್ಟಣದ ಹೆಸರಿನೊಡನೆ ಪ್ರಸಿದ್ಧವಾದ ಬಿಳಿಯದನ್ನು ಒಲೆಗೆ ತೋರಿಸಲೇ ಬಾರದು. ಬಿಸಿ ಅನ್ನದ ಮೇಲೋ ತತ್ತಿಯ ಮೇಲೋ ಎಲೆಯಂತೆ ತೆಳುವಾಗಿ ಹೆರೆದು ಹಾಕಿದರೆ ಸಾಕು. ಫ್ರಾನ್ಸಿನ ಪೆರಿಗೋರ್ ಸೀಮೆಯ ಹೆಸರು ಹೊತ್ತ ಚಳಿಗಾಲದ ಕಪ್ಪು ಟ್ರಫಲ್ ಬೆಣ್ಣೆಯಲ್ಲಿ ಹದವಾದ ಉರಿಯನ್ನು ತಾಳಿಕೊಳ್ಳುತ್ತದೆ. ಬೇಸಿಗೆಯದು ಸೌಮ್ಯ, ಬೆಲೆಯೂ ಕಡಿಮೆ. ಆದುದರಿಂದ ಕೈ ತುಸು ಧಾರಾಳವಾಗಬಹುದು. ಯಾವುದೇ ಆಗಲಿ, ಗಟ್ಟಿಯಾಗಿರಬೇಕು, ಮೆತ್ತಗಾಗಿರಬಾರದು, ಪರಿಮಳವಿಲ್ಲದಿದ್ದರೆ ಕೊಳ್ಳಲೇಬಾರದು. ತತ್ತಿಗಳ ಜೊತೆಗೆ ಮುಚ್ಚಿಟ್ಟರೆ ಓಡನ್ನು ದಾಟಿ ಪರಿಮಳ ಒಳಗಿಳಿಯುತ್ತದೆ. ಇನ್ನು ಟ್ರಫಲ್ ಎಣ್ಣೆಯೆಂದು ಸೀಸೆಯಲ್ಲಿ ಮಾರುವುದರ ಪೈಕಿ ಹೆಚ್ಚಿನದಕ್ಕೆ ಆ ವಾಸನೆ ಬಂದಿರುವುದು ಅಣಬೆಯಿಂದಲ್ಲ, ರಸಾಯನಶಾಲೆಯಿಂದ.

ಅಥಣಿಯ ಎರೆಭೂಮಿಯಲ್ಲಿ ಸುಣ್ಣದ ಹರಳಿಗೆ ಕೊರತೆಯಿಲ್ಲ. ಟ್ರಫಲ್ ಬಯಸುವುದೂ ಸುಣ್ಣದ ನೆಲವನ್ನೇ. ಆದರೆ ಓಕ್ ಮರವಾಗಲಿ, ಯೂರೋಪಿನ ಚಳಿಯಾಗಲಿ ಕೃಷ್ಣೆಯ ದಂಡೆಗೆ ಬರುವಂತಿಲ್ಲ. ಕನ್ನಡ ನಾಡಿನಲ್ಲಿ ಅದರ ರೀತಿಯನ್ನು ಹೋಲುವ ಅಣಬೆಯನ್ನು ಕಾಣಬೇಕಾದರೆ ಘಟ್ಟವಿಳಿದು ಕಾರ್ಕಳ, ಮೂಡುಬಿದಿರೆಗಳ ಕಡೆಗೆ ಹೋಗಬೇಕು. ಅಲ್ಲಿ ಮುಂಗಾರಿನ ಮೊದಲ ಮಳೆಗಳಿಗೆ ಮುರಕಲ್ಲಿನ ಕಾಡುನೆಲದಲ್ಲಿ ಗೋಲಿಯಂತಹ ಕಲ್ಲಣಬೆ ಮೂಡುತ್ತದೆ. ಹೋಳು ಮಾಡಿದಾಗ ಒಳಗೆ ಬೆಳ್ಳಗಿದ್ದರೆ ಅದು ಎಳೆಯದು, ಮಸಾಲೆಗೆ ಯೋಗ್ಯ. ಕಪ್ಪಾಗಿದ್ದರೆ ಬಲಿತು ಹೋಯಿತು, ಹೊರಗೆ ಚೆಲ್ಲುವುದೇ ಸರಿ.

ಚಿಕ್ಕೋಡಿ, ರಾಯಬಾಗ, ಕಾಗವಾಡಗಳ ಸೀಮೆಗೆ ದೇವರು ಕೊಟ್ಟುದು ಹುತ್ತದ ಅಣಬೆ. ಕೊಡೆ ಬಿಚ್ಚಿ ಹೊರಗೆ ನಿಂತರೂ ಅದರ ಬಾಳು ನೆಲದೊಳಗಿನದೇ. ಗೆದ್ದಲುಗಳು ಹುತ್ತದೊಳಗೆ ಕಸಕಡ್ಡಿಯನ್ನು ಅಗಿದು ಜೇನುಹುಟ್ಟಿನಂತಹ ತೋಟವನ್ನು ಕಟ್ಟಿ, ಅದರಲ್ಲಿ ಈ ಅಣಬೆಯನ್ನು ಸಾಕುತ್ತವೆ. ಮಳೆಗೆ ನೆಲ ನೆನೆದಾಗ ಆ ತೋಟದಿಂದ ಉದ್ದನೆಯ ಬೇರಿನಂತಹ ದಂಟು ಮೇಲಕ್ಕೆ ಚಾಚಿ ಕೊಡೆಯಾಗುತ್ತದೆ. ಮನುಷ್ಯನು ಹುಲ್ಲಿನ ಮೇಲೆ ಎಷ್ಟೋ ಬಗೆಯ ಅಣಬೆಗಳನ್ನು ಬೆಳೆಸಿದ್ದಾನೆ. ಗೆದ್ದಲಿನ ಈ ಒಕ್ಕಲುತನ ಮಾತ್ರ ಅವನ ಕೈವಶವಾಗಿಲ್ಲ.

ಇದರ ಅಡಿಗೆಗೆ ದೊಡ್ಡ ಶಾಸ್ತ್ರವೇನೂ ಬೇಡ. ಕೊಡೆ ಪೂರ್ತಿ ಅರಳುವ ಮೊದಲೇ ಕಿತ್ತು, ದಂಟಿನ ಮಣ್ಣನ್ನು ಹೆರೆದು, ನೀರಿನಲ್ಲಿ ನೆನೆಯಿಡದೆ ತೊಳೆದು, ಕೈಯಿಂದಲೇ ಸೀಳಬೇಕು. ಅಣಬೆಯ ಮೈಯೆಲ್ಲಾ ನೀರೇ ಆದುದರಿಂದ ಮತ್ತೆ ನೀರು ಹೊಯ್ಯಬಾರದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಖಾರ, ಒಂದು ಹಿಡಿ ಶೇಂಗಾ ಪುಡಿ. ಬಿಟ್ಟ ನೀರು ಬತ್ತುವ ತನಕ ಉರಿ. ಜೋಳದ ರೊಟ್ಟಿಯೊಡನೆ ಉಂಡವರು ಆಲ್ಬಾದ ದಾರಿಯನ್ನು ಕೇಳಲಾರರು.

ಆದರೆ ಈ ಊಟದಲ್ಲಿ ಆರಿಸುವ ಕೈ ಉಣ್ಣುವವರ ಪ್ರಾಣವನ್ನೇ ಹಿಡಿದಿರುತ್ತದೆ. ಹುಲ್ಲುಗಾವಲಿನಲ್ಲಿ ಏಳುವ ಒಂದು ಬಿಳಿ ಅಣಬೆ ಎಳೆಯದಿದ್ದಾಗ ಸಾಧುವಿನಂತೆ ತೋರಿ, ಬಲಿತ ಮೇಲೆ ಕೊಡೆಯಡಿಯ ಪದರುಗಳಲ್ಲಿ ಹಸಿರು ಬಣ್ಣ ತಳೆಯುತ್ತದೆ. ತಿಂದವರಿಗೆ ಕೆಲವೇ ತಾಸುಗಳಲ್ಲಿ ವಾಂತಿ. ಬುಡದಲ್ಲಿ ಚೀಲ, ದಂಟಿಗೆ ಉಂಗುರ ಇರುವ ಬೇರೊಂದು ಕುಲದ ಕೆಲವು ಅಣಬೆಗಳು ಇನ್ನೂ ಕ್ರೂರ. ಅವುಗಳ ವಿಷ ಆರು ತಾಸುಗಳಿಗೂ ಮಿಕ್ಕಿ ಸುಮ್ಮನಿದ್ದು, ಆಮೇಲೆ ಕಾಡಿ, ನಡುವೆ ವಾಸಿಯಾದಂತೆ ನಟಿಸಿ, ಒಳಗೊಳಗೇ ಯಕೃತ್ತನ್ನು ನಾಶಮಾಡುತ್ತದೆ. ಎಷ್ಟು ಕುದಿಸಿದರೂ ಅದು ಹೋಗದು. ಬೆಳ್ಳಿಯ ನಾಣ್ಯ ಕಪ್ಪಾಗಲಿಲ್ಲ, ಬಳ್ಳೊಳ್ಳಿಯ ಬಣ್ಣ ಬದಲಾಗಲಿಲ್ಲ, ಹುಳು ತಿಂದಿದೆ ಎಂಬ ಪರೀಕ್ಷೆಗಳೆಲ್ಲವೂ ಸುಳ್ಳು. ಇಂತಹ ಹುತ್ತದಲ್ಲಿ ಇಂತಹ ಮಳೆಗೆ ಏಳುವುದು ಇದೇ ಎಂದು ವರ್ಷವರ್ಷವೂ ಕಂಡವರ ಗುರುತೊಂದೇ ನಿಜ. ಆ ಗುರುತಿಲ್ಲದವರು ಬರಿಗೈಯಲ್ಲಿ ಮನೆಗೆ ಮರಳುವುದೇ ಜಾಣತನ.

ಇದೇ ಸೀಮೆಯಲ್ಲಿ ಆರಿಸುವ ಇನ್ನೊಂದು ವಿವೇಕವೂ ಇದೆ. ಆಚಾರ್ಯ ಶಾಂತಿಸಾಗರರ (1872–1955) ಮನೆತನದ ಊರು ಭೋಜ. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಹುಟ್ಟಿದ ಊರು ಸದಲಗಾ. ಇಂತಹ ಊರುಗಳಲ್ಲಿ ವ್ರತನಿಷ್ಠರಾದ ಜೈನರ ಮನೆಗೆ ಅಣಬೆ ಕಾಲಿಡದು; ಬಟಾಟೆ, ಉಳ್ಳಾಗಡ್ಡಿಗಳೂ ಇಲ್ಲ. ಒಂದು ಗಡ್ಡೆಯಲ್ಲಿ ಅನಂತ ಜೀವಗಳಿವೆ, ಅದನ್ನು ಕೀಳುವಾಗ ಮಣ್ಣಿನ ಜೀವಗಳೂ ಸಾಯುತ್ತವೆ ಎಂಬುದು ಅಲ್ಲಿಯ ವಿಚಾರ. ಹಾಗೆಂದು ನೆಲದೊಳಗಿನದೆಲ್ಲವೂ ವರ್ಜ್ಯವಲ್ಲ. ಹಸಿ ಶುಂಠಿಯನ್ನು ಬಿಟ್ಟವರು ಒಣಶುಂಠಿಯನ್ನೂ ಒಣ ಅರಿಷಿಣವನ್ನೂ ಬಳಸುತ್ತಾರೆ. ಶೇಂಗಾ ಮಣ್ಣಿನಲ್ಲಿ ಬಲಿತರೂ ಗಡ್ಡೆಯಲ್ಲ, ಕಾಳು. ಒಂದು ಗೋಡೆಯ ಈಚೆಗೆ ಮೊದಲ ಮಳೆಯೆಂದರೆ ಅಣಬೆಯ ಆಸೆ. ಆಚೆಗೆ ಅದೇ ಮಳೆಯೆಂದರೆ ಮಣ್ಣಿನಲ್ಲಿ ಎದ್ದ ಜೀವಗಳನ್ನು ತುಳಿಯದಂತೆ ಇಡುವ ಹೆಜ್ಜೆ. ಬಲ್ಲ ಗೃಹಿಣಿ ಆ ದಿನ ಗೋಡೆಯಾಚೆಗೆ ಶೇಂಗಾ ಹೋಳಿಗೆಯನ್ನು ಕಳಿಸುತ್ತಾಳೆಯೇ ಹೊರತು ಪಲ್ಲೆಯ ಬಟ್ಟಲನ್ನಲ್ಲ.

ಶ್ರಾವಣದ ನಾಗರಪಂಚಮಿಗೆ ಹೆಂಗಸರು ಹುತ್ತಕ್ಕೆ ಹಾಲೆರೆಯುತ್ತಾರೆ. ಆ ದಿನ ನೆಲವನ್ನು ಅಗೆಯಬಾರದೆಂಬ ಕಟ್ಟಳೆಯೂ ಉಂಟು. ಪೂಜೆಗೆ ಉಳಿದ ಹುತ್ತ ಅಣಬೆಗೂ ಉಳಿಯುತ್ತದೆ. ಕಬ್ಬಿನ ಸಾಲು ಬದುವಿನ ತನಕ ಚಾಚಿ, ಟ್ರ್ಯಾಕ್ಟರಿನ ನೇಗಿಲು ಹುತ್ತವನ್ನು ಬುಡಸಹಿತ ಕಿತ್ತೆಸೆದರೆ ಹೋಗುವುದು ಒಂದು ಹೊತ್ತಿನ ಪಲ್ಲೆ ಮಾತ್ರವಲ್ಲ. ಅಜ್ಜಿಯು ಮೊಮ್ಮಗಳ ಕೈ ಹಿಡಿದು ಕರೆದೊಯ್ದು, 'ಇದು ತಿನ್ನುವುದು, ಅದು ಕೊಲ್ಲುವುದು' ಎಂದು ಬೆರಳು ಮಾಡಿ ತೋರಿಸುತ್ತಿದ್ದ ಪಾಠಶಾಲೆಯೂ ಅದರೊಡನೆ ಹೋಗುತ್ತದೆ. ಆಮೇಲೆ ಎಲ್ಲಿಯೋ ಒಂದು ಬಿಳಿ ಕೊಡೆ ಕಣ್ಣಿಗೆ ಬಿದ್ದಾಗ ಆ ಹುಡುಗಿಗೆ ಹಸಿವು ಇರುತ್ತದೆ, ಆಸೆಯೂ ಇರುತ್ತದೆ; ಗುರುತು ಮಾತ್ರ ಇರುವುದಿಲ್ಲ.