ಹಿಮ್ಮಡಿಯೂ ಕೈಗಡಿಯಾರವೂ

ಮೂವತ್ತು ವರ್ಷಗಳಿಗೆ ಮಿಕ್ಕಿ ಮಕ್ಕಳಿಂದ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿ, ಅರುವತ್ತು ತುಂಬಿ ಮನೆ ಸೇರಿದ ಉಪಾಧ್ಯಾಯನೊಬ್ಬನು ಬೆಳಗಿನ ಝಾವದಲ್ಲಿ ಚಲ್ಲಣ ತೊಟ್ಟು ಕಾಲುವೆಯ ದಂಡೆಯ ಮೇಲೆ ಓಡುತ್ತಿರುವನೆಂದರೆ ವಾಚಕ ಮಹಾಶಯರು ನಗದೆ ಇರಲಾರರು. ನಮ್ಮ ದೇಶನೂರಿನವರೂ ನಕ್ಕರು. ನಾಯಿಗಳು ನಗುವುದಕ್ಕೆ ಬದಲಾಗಿ ಬೆನ್ನಟ್ಟಿದುವು. ನಮ್ಮ ಗೃಹಿಣಿಯು ಮಾತ್ರ ನಗಲಿಲ್ಲ, “ಕಾಲು ಮುರಿದುಕೊಂಡರೆ ಬಳ್ಳಾರಿಗೆ ಕರಕೊಂಡು ಹೋಗುವವರು ಯಾರು?” ಎಂದು ಕೇಳಿದಳು. ಪ್ರಶ್ನೆಯು ನ್ಯಾಯವಾದುದೇ.

ಇದಕ್ಕೆಲ್ಲ ಕಾರಣವು ಒಂದು ಕೈಗಡಿಯಾರ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಮಗನು ಕಳೆದ ಯುಗಾದಿಗೆ ಅದನ್ನು ತಂದು ನಮ್ಮ ಮಣಿಕಟ್ಟಿಗೆ ಕಟ್ಟಿದನು. ಅದು ಬರಿಯ ಹೊತ್ತನ್ನು ಹೇಳತಕ್ಕುದಲ್ಲ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತಗಳು ಬಂದು ಮುಟ್ಟುವ ಕಾಲವನ್ನು ಲೆಕ್ಕಹಾಕಿ ನಾವು ನಿಂತ ಸ್ಥಳವನ್ನು ಗೊತ್ತುಮಾಡಿ, ಓಡಿದ ದೂರವನ್ನೂ ಹಾದಿಯ ನಕ್ಷೆಯನ್ನೂ ಬರೆದಿಡುತ್ತದೆ. ಅಡಿಯಲ್ಲಿ ಮಿನುಗುವ ಹಸುರು ಬೆಳಕಿನಿಂದ ನಾಡಿಯನ್ನು ಎಣಿಸುತ್ತದೆ. ಆ ಲೆಕ್ಕವೆಲ್ಲ ಕ್ಷಣಮಾತ್ರದಲ್ಲಿ ಮಗನ ಮೊಬೈಲಿಗೆ ಹೋಗಿ ಸೇರುವುದು. ಬರುವ ವರ್ಷ ತಂದೆಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಒಟ್ಟಿಗೆ ಮ್ಯಾರಥಾನ್ ಓಡಬೇಕೆಂದು ಸಂಕಲ್ಪವಾಯಿತು. ದೂರವು 42.195 ಕಿಲೋಮೀಟರು.

ಒಂದು ಮಾತನ್ನು ಮುಚ್ಚಿಡದೆ ಹೇಳುವೆವು. ಅದಕ್ಕೆ ಮುಂಚೆ ಭಾನುವಾರ ಮಗನ ಕರೆ ಬಂದರೆ “ಊಟವಾಯಿತೆ, ಮಳೆಯಾಯಿತೆ” ಎಂಬಲ್ಲಿಗೆ ನಮ್ಮ ಮಾತು ಮುಗಿಯುತ್ತಿದ್ದಿತು, ಮಿಕ್ಕುದೆಲ್ಲ ತಾಯಿಯೊಡನೆ. ಕೈಗಡಿಯಾರ ಬಂದ ಮೇಲೆ ಅರ್ಧ ಘಂಟೆ ನಮ್ಮೊಡನೆಯೇ ಮಾತು. ಮೊನ್ನೆ ಏಳನೆಯ ಕಿಲೋಮೀಟರಿನಲ್ಲಿ ನಿಧಾನವಾದುದೇಕೆ, ನಾಡಿ 150 ದಾಟಿದುದೇಕೆ ಎಂದೆಲ್ಲ ವಿಚಾರಿಸುವನು. ನಾವು ಓಡುತ್ತಿದ್ದುದು ಮ್ಯಾರಥಾನಿಗಾಗಿಯೋ ಆ ಅರ್ಧ ಘಂಟೆಗಾಗಿಯೋ ಎಂದು ಯಾರಾದರೂ ಕೇಳಿದ್ದರೆ ಉತ್ತರ ಕಷ್ಟವಾಗುತ್ತಿದ್ದಿತು.

ನಮ್ಮ ನಾಡಿಗೆ ಈ ಓಟವು ಹೊಸದಲ್ಲ. ಬೆಳಗಾವಿ ಸೀಮೆಯ ಫಡೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಓಡಿ ಹತ್ತೊಂಬತ್ತನೆಯವರಾಗಿ ಬಂದರು. ಆ ಸಾರಿ ದೂರವು ವಾಡಿಕೆಗಿಂತಲೂ ಹೆಚ್ಚಾಗಿ 42.75 ಕಿಲೋಮೀಟರಿದ್ದಿತು, ಅವರಿಗೆ ಹಿಡಿದುದು 2 ಘಂಟೆ 50 ನಿಮಿಷಗಳ ಮೇಲೆ ಕೆಲವು ಸೆಕೆಂಡುಗಳು. ಅವರ ನಾಡಿಯನ್ನು ಎಣಿಸುವ ಯಂತ್ರವು ಆಗ ಯಾರ ಕೈಯಲ್ಲಿಯೂ ಇರಲಿಲ್ಲ.

ಬಿಸಿಲು ನಾಡಾದ ನಮ್ಮ ಸಿರುಗುಪ್ಪದ ಕಡೆ ಬೇಸಗೆಯಲ್ಲಿ ಏಳು ಘಂಟೆಯ ಮೇಲೆ ಓಡುವಂತಿಲ್ಲ. ನಾಲ್ಕೂವರೆಗೆ ಎದ್ದು ಗದ್ದೆಗಳ ನಡುವೆ ಓಡಿದೆವು. ವ್ಯಾಯಾಮವು ಅರ್ಧಬಲಕ್ಕೆ ನಿಲ್ಲಬೇಕು, ಅದೂ ಶೀತಕಾಲದಲ್ಲಿಯೂ ವಸಂತದಲ್ಲಿಯೂ. ಉಳಿದ ಋತುಗಳಲ್ಲಿ ಇನ್ನೂ ಕಡಿಮೆ ಎಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವಿಧಿಸಿರುವುದನ್ನು ಬಲ್ಲ ನಾವೇ ಜ್ಯೇಷ್ಠಮಾಸದಲ್ಲಿ ಹದಿನಾರು ಕಿಲೋಮೀಟರು ಓಡಿದೆವು! ಶ್ರಾವಣದ ಹೊತ್ತಿಗೆ ಎಡ ಹಿಮ್ಮಡಿ ಹಿಡಿಯಿತು. ಮುಂಜಾನೆ ಮಂಚದಿಂದಿಳಿದು ಮೊದಲ ಹೆಜ್ಜೆ ಊರಿದರೆ ಮುಳ್ಳು ನೆಟ್ಟಂತೆ; ಹತ್ತು ಹೆಜ್ಜೆಯಾದ ಮೇಲೆ ಸಡಿಲು; ಓಡಿ ಬಂದು ಕುಳಿತು ಎದ್ದರೆ ಮತ್ತೆ ಮುಳ್ಳು. ಸುಶ್ರುತರು ಹೇಳಿದ ವಾತಕಂಟಕವೆಂಬ ರೋಗದ ಹೆಸರು ಎಷ್ಟು ಸಾರ್ಥಕವೆಂಬುದು ಆಗ ತಿಳಿಯಿತು. ಹಿಮ್ಮಡಿಯ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಹಬ್ಬಿದ ಗಟ್ಟಿ ಪಟ್ಟಿಯು ಅತಿಯಾಗಿ ಜಗ್ಗಿದೆಯೆಂದೂ, ಓಟವನ್ನು ನಿಲ್ಲಿಸಿ, ಮೀನಖಂಡವನ್ನು ನಿತ್ಯವೂ ಎಳೆದು ಸಡಿಲಿಸಿ, ಬರಿಗಾಲಿನಲ್ಲಿ ಕಲ್ಲುಹಾಸಿನ ಮೇಲೆ ನಡೆಯದಿದ್ದರೆ ಕೆಲವು ತಿಂಗಳಲ್ಲಿ ಇಳಿಯುವುದೆಂದೂ ಬಳ್ಳಾರಿಯ ವೈದ್ಯರು ಹೇಳಿದರು.

ಕೆಲವು ತಿಂಗಳು! ಓಟ ನಿಂತರೆ ಭಾನುವಾರದ ಗತಿಯೇನು? ಇಲ್ಲಿ ನಾವು ಮಾಡಿದ ಕೆಲಸವನ್ನು ಬರೆಯಲು ಲೇಖನಿ ಹಿಂಜರಿಯುತ್ತದೆ. ನೆರೆಮನೆಯ ಹದಿನಾಲ್ಕು ವರ್ಷದ ಹುಡುಗನನ್ನು ಕರೆದು, ಕೈಗಡಿಯಾರವನ್ನು ಅವನ ಕೈಗೆ ಕಟ್ಟಿ, “ನಮ್ಮ ಹಾದಿಯಲ್ಲಿ ಎಂಟು ಕಿಲೋಮೀಟರು ಓಡಿ ಬಾ, ಮೆಲ್ಲಗೆ ಓಡು” ಎಂದು ಕಳುಹಿಸಿದೆವು. ಕೈಗೆ ಇಪ್ಪತ್ತು ರೂಪಾಯಿ ಕೊಟ್ಟುದು ತಪ್ಪಾಯಿತು.

ಭಾನುವಾರ ಮಗನು ಕೇಳಿದನು: “ಅಪ್ಪಾ, ಕಿಲೋಮೀಟರಿಗೆ ಎಂಟೂವರೆ ನಿಮಿಷ ಓಡುತ್ತಿದ್ದವರು ಐದೂವರೆಗೆ ಬಂದಿದ್ದೀರಿ. ಅದಿರಲಿ, ನಡುವೆ ಒಗ್ಗರಣೆ ಮಿರ್ಚಿ ಅಂಗಡಿಯ ಮುಂದೆ ಕಾಲು ಘಂಟೆ ಏಕೆ ನಿಂತಿರಿ?”

ಪರಿಚಿತರು ಸಿಕ್ಕಿದ್ದರು ಎಂದೆವು. ಎರಡನೆಯ ಸುಳ್ಳು. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನು ನಕಲು ಮಾಡಿದನೆಂದು ನಾವು ತರಗತಿಯ ಮುಂದೆ ನಿಲ್ಲಿಸಿ ಅಳಿಸಿದ ಒಬ್ಬ ಬಾಲಕನ ಮುಖವು ಮತ್ತೆ ಮತ್ತೆ ಕಣ್ಣಿಗೆ ಕಟ್ಟಿತು. ಅವನೂ ಮನೆಯಲ್ಲಿ ತಂದೆಗೆ ತೋರಿಸಲಿಕ್ಕಾಗಿಯೇ ನಕಲು ಮಾಡಿದ್ದನು. ಅದನ್ನು ಅವನು ಅಂದೇ ಹೇಳಿದ್ದನು, ನಾವು ಕೇಳಿರಲಿಲ್ಲ.

ಬೆಳಗಾಗುತ್ತಲೂ ನಾವೇ ಕರೆಮಾಡಿ ಹಿಮ್ಮಡಿಯನ್ನೂ ಹುಡುಗನನ್ನೂ ಇಪ್ಪತ್ತು ರೂಪಾಯಿಯನ್ನೂ ಒಪ್ಪಿಕೊಂಡೆವು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ “ಯಾವ ಕಾಲಪ್ಪಾ, ಎಡವೋ ಬಲವೋ?” ಎಂದನು.

ಈಗ ದಸರೆ ಕಳೆದಿದೆ. ಓಟವಿಲ್ಲ, ದಂಡೆಯ ಮೇಲೆ ಮೂರು ಕಿಲೋಮೀಟರು ನಡಿಗೆ, ಸಂಜೆ ತಣ್ಣೀರಿನ ಬಾಟಲಿಯನ್ನು ಅಂಗಾಲಿನ ಕೆಳಗೆ ಉರುಳಿಸುವುದು. ಬರುವ ವರ್ಷ ಪೂರ್ತಿಯಲ್ಲ, ಅರ್ಧ ಮ್ಯಾರಥಾನ್ ಎಂದು ಮಗನು ಹೇಳಿದ್ದಾನೆ, ವಾಗ್ಭಟರೂ ಒಪ್ಪಿಯಾರು. ಭಾನುವಾರದ ಮಾತು ನಿಂತಿಲ್ಲ. ಹಿಮ್ಮಡಿಯ ವಿಚಾರವೊಂದರಲ್ಲಿಯೇ ಇಪ್ಪತ್ತು ನಿಮಿಷ ಹೋಗುತ್ತದೆ. ನೆರೆಮನೆಯ ಹುಡುಗನು ಮಾತ್ರ ದಿನವೂ ಬೇಲಿಯ ಆಚೆಯಿಂದ ಇಣಿಕಿ, “ಮೇಷ್ಟ್ರೇ, ಗಡಿಯಾರ ಇವತ್ತು ಓಡೋದಿಲ್ಲೇನ್ರೀ?” ಎಂದು ಕೇಳುತ್ತಿರುವನು.