ಜೊಂಪು ಹತ್ತುವ ಹೊತ್ತು

ನಿದ್ದೆ ಪೂರ್ತಿ ಬಂದಿರುವುದಿಲ್ಲ, ಎಚ್ಚರವೂ ಪೂರ್ತಿ ಇರುವುದಿಲ್ಲ. ಕೈಯಾಗಿನ ಮೊಬೈಲ್ ಜಾರಿ ಎದಿ ಮ್ಯಾಲೆ ಬೀಳ್ತದಲ್ಲ, ಆ ಹೊತ್ತು. ನಮ್ಮ ಕಡೆ ಇದಕ್ಕೆ ಜೊಂಪು ಅಂತಾರೆ. ಝಳಕಿಯ ನಾವು ಅಣ್ಣ-ತಮ್ಮ ಇಬ್ಬರೂ ಒಂದು ವರ್ಷದಿಂದ ಈ ಜೊಂಪನ್ನು ಕೆಲಸಕ್ಕೆ ಹಚ್ಚಿದ್ದೇವೆ.

ಕಾರಣ ನಮ್ಮ ನಿಂಬಿ ತೋಟ. ಒಂದೇ ಬ್ಯಾಸಿಗ್ಯಾಗ ಎರಡು ಬೋರ್ ಬತ್ತಿದವು. ಉಳಿದ ಒಂದಕ್ಕೆ ರಾತ್ರಿ ಪಾಳಿ ಕರೆಂಟ್. ಪಾಳಿ ಇಲ್ಲದ ರಾತ್ರಿಯೂ ಕಣ್ಣು ಮುಚ್ಚಿದರೆ ಸಾಲದ ಲೆಕ್ಕ ಶುರು. ಸೋಲಾಪುರ ರಸ್ತೆಯ ಲಾರಿ ಸಪ್ಪಳ ಕೇಳುತ್ತ ಮೂರು ಗಂಟೆ ಆಗುತ್ತಿತ್ತು. ಎಚ್ಚರ ಇದ್ದಷ್ಟು ಹೊತ್ತು ದೊಡ್ಡವನ ಕೈ ತಂಬಾಕು-ಸುಣ್ಣದ ಕಡೆ ಹೋಗುತ್ತಿತ್ತು. ಸಣ್ಣವ ಮುಂಜಾನೆ ಎದ್ದು ಎಲ್ಲರ ಮ್ಯಾಲೆ ಹಾಯುತ್ತಿದ್ದ.

ಸ್ವ-ಸಂಮೋಹನ ಅಂದಕೂಡಲೆ ಜಾತ್ರೆಯ ಜಾದೂಗಾರ ನೆನಪಾಗುತ್ತಾನೆ. ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದವನು ಜೇಮ್ಸ್ ಬ್ರೇಡ್ ಎಂಬ ಡಾಕ್ಟರ್, 1840ರ ದಶಕದಲ್ಲಿ. ಗ್ರೀಕರ ನಿದ್ದೆಯ ದೇವರ ಹೆಸರಿನಿಂದ ಬಂದ ಮಾತು ಅದು. ಆಮೇಲೆ ಅವನಿಗೇ ಅನಿಸಿತು, ಇದು ನಿದ್ದೆ ಅಲ್ಲ, ಮನಸ್ಸು ಒಂದೇ ವಿಚಾರಕ್ಕೆ ಕಚ್ಚಿಕೊಳ್ಳುವುದು ಅಂತ. ಹೆಸರು ಬದಲಿಸಲು ನೋಡಿದ, ಆದರೆ ಮಂದಿ ಬಿಡಲಿಲ್ಲ.

ನಮಗೆ ಹಿಡಿಸಿದವನು ಫ್ರಾನ್ಸಿನ ಎಮಿಲ್ ಕುಯೆ (1857-1926). ಔಷಧಿ ಅಂಗಡಿಯವ. ಔಷಧಿ ಕೊಡುವಾಗ ನಾಕು ಭರವಸೆಯ ಮಾತು ಆಡಿದರೆ ಗುಣ ಹೆಚ್ಚು ಕಾಣುತ್ತದೆ ಎಂದು ಕಂಡುಕೊಂಡ. ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಒಂದೇ ವಾಕ್ಯವನ್ನು 20 ಸಲ ಮೆಲ್ಲಗೆ ಹೇಳಿಕೊಳ್ಳಿ ಎನ್ನುತ್ತಿದ್ದ. ಎಣಿಸುವ ತ್ರಾಸು ಬ್ಯಾಡ ಅಂತ 20 ಗಂಟಿನ ದಾರ. ಜಿದ್ದು ಮಾಡಿದಷ್ಟು ನಿದ್ದೆ ದೂರ ಓಡುತ್ತದೆ ಎಂಬುದು ಅವನ ಮುಖ್ಯ ಮಾತು. ಇದನ್ನು ಅವ್ವನಿಗೆ ಹೇಳಿದಾಗ ಆಕೆ ನಕ್ಕಳು: "ನಾ ಮಲಗೂಮುಂದ ಮಣಿ ಎಣಿಸಿ ಶಿವಾ ಶಿವಾ ಅನ್ನೂದು ಮತ್ತೇನಪಾ?" ಯೋಗನಿದ್ರೆಯಲ್ಲಿ ಮಾಡುವ ಸಂಕಲ್ಪವೂ ಇದರ ಸಮೀಪದ್ದೇ.

ಈ ಹೊತ್ತಿನ ಮೇಲೆ ವಿಜ್ಞಾನಿಗಳ ಕಣ್ಣೂ ಬಿದ್ದಿದೆ. ಪ್ಯಾರಿಸ್ಸಿನವರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗುಟ್ಟಿನ ಅಡ್ಡದಾರಿ ಇರುವ ಲೆಕ್ಕ ಕೊಟ್ಟು, ನಡುವೆ 20 ನಿಮಿಷ ಕತ್ತಲಲ್ಲಿ ಒರಗಲು ಬಿಟ್ಟರು. ಕನಿಷ್ಠ 15 ಸೆಕೆಂಡ್ ಜೊಂಪಿಗೆ ಹೋಗಿ ಬಂದವರಲ್ಲಿ ನೂರಕ್ಕೆ 83 ಮಂದಿಗೆ ಅಡ್ಡದಾರಿ ಹೊಳೆಯಿತು. ಎಚ್ಚರವಿದ್ದವರಲ್ಲಿ 30 ಮಂದಿಗೆ, ಜೊಂಪಿಗಿಂತ ಆಳದ ನಿದ್ದೆಗೆ ಜಾರಿದವರಲ್ಲಿ 14 ಮಂದಿಗೆ ಅಷ್ಟೇ. ಇದು ಲೆಕ್ಕದ ಪ್ರಯೋಗ, ಚಟ ಬಿಡಿಸುವುದಕ್ಕೆ ಇದನ್ನೇ ಪುರಾವೆ ಮಾಡಬಾರದು. ವಾಟ್ಸಾಪಿನಲ್ಲಿ ಹಂಗೇ ಮಾಡ್ತಾರೆ, ಅದಕ್ಕೆ ಹೇಳಿದೆವು.

ನಾವು ಮಾಡುವುದು ಇಷ್ಟು. ಬೆನ್ನ ಮೇಲೆ ಮಲಗಿ, ಮೊಣಕೈ ಹಾಸಿಗೆಗೆ ಊರಿ, ಅಂಗೈ ಮೇಲಕ್ಕೆ ಎತ್ತಿ ಇಡುತ್ತೇವೆ. ನಿದ್ದೆ ಗಟ್ಟಿಯಾದರೆ ಕೈ ತಾನೇ ಬೀಳುತ್ತದೆ, ಎಚ್ಚರವಾಗುತ್ತದೆ. ಕಣ್ಣ ಮುಂದೆ ಸಂಬಂಧ ಇಲ್ಲದ ಚಿತ್ರ ಬರತೊಡಗಿದಾಗ (ಸಣ್ಣವನಿಗೆ ಯಾವಾಗಲೂ ನಿಂಬಿಹಣ್ಣು ಉರುಳುತ್ತವೆ) ವಾಕ್ಯ ಹೇಳಿಕೊಳ್ಳುವುದು. ಒಮ್ಮೊಮ್ಮೆ ಬಾವ್ಯಾಗ ಬಿದ್ದಂಗ ಮೈ ಝಲ್ ಅನ್ನುತ್ತದೆ. ಅಂಜಬೇಕಿಲ್ಲ, ಬಹಳ ಮಂದಿಗೆ ಆಗುವಂಥದ್ದು.

ವಾಕ್ಯ ಹುಡುಕುವುದೇ ದೊಡ್ಡ ಕೆಲಸ. "ನಾನು ತಂಬಾಕು ಸೇವಿಸುವುದಿಲ್ಲ" ಅಂದರೆ ತಂಬಾಕಿನ ವಾಸನೆಯೇ ಮೂಗಿಗೆ ಬರುತ್ತಿತ್ತು. ಮೇಲಾಗಿ ಅದು ಸಾಲಿ ಪುಸ್ತಕದ ಮಾತು. ಕೊನೆಗೆ ದೊಡ್ಡವ "ಬಾಯಿ ಸ್ವಚ್ಛ ಐತಿ, ಎದಿ ಹಗುರ ಐತಿ" ಅಂತ ಇಟ್ಟುಕೊಂಡ. ಸಣ್ಣವನದು "ಮುಂಜಾನೆ ನೋಡೋಣು" ಅಂತ ಎರಡೇ ಮಾತು.

ಸಣ್ಣವನಿಗೆ ಈಗ ಹನ್ನೊಂದರೊಳಗೆ ನಿದ್ದೆ ಹತ್ತುತ್ತದೆ. ದೊಡ್ಡವನ ತಂಬಾಕು ಪೂರ್ತಿ ಹೋಗಿಲ್ಲ. ರಾತ್ರಿಯದು ನಿಂತಿದೆ, ಊಟದ ನಂತರದ್ದು ಇದೆ. ಇದು ವಾಕ್ಯದ ಗುಣವೋ, ನಿದ್ದೆ ಸುಧಾರಿಸಿದ್ದರ ಗುಣವೋ, ಬಿಡಿಸಿ ಹೇಳಲಾರೆವು.

ಹೆದ್ದಾರಿ ಊರಿನವರಾಗಿ ಒಂದು ಮಾತು ಹೇಳಲೇಬೇಕು. ಗಾಡಿ ಹೊಡೆಯುವಾಗ ಇಂಥ ಆಡಿಯೋ ಹಚ್ಚಬ್ಯಾಡ್ರಿ. ಅಲ್ಲಿ ಬರುವ ಜೊಂಪು ಜೀವ ತೆಗೆಯುವ ಜೊಂಪು. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬ್ಯಾಡ ಅನಿಸಿದರೆ, ವಾಕ್ಯ ಹೇಳಿಕೊಳ್ಳುತ್ತ ಕೂಡುವ ಹೊತ್ತು ಅದಲ್ಲ. ಸರಕಾರದ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡ್ರಿ. ರೊಕ್ಕ ಇಲ್ಲ, ಹಗಲು-ರಾತ್ರಿ ಇರ್ತಾರೆ, ಕನ್ನಡದಾಗ ಮಾತಾಡ್ತಾರೆ.

ಇನ್ನೊಂದು ಬೋರ್ ಹಾಕಿಸಬೇಕೋ ಬ್ಯಾಡೋ, ನಮ್ಮಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಆ ಮಾತನ್ನು ಈಗ ಹಗಲಿನಾಗ, ಅವ್ವನ ಮುಂದ ಕುಂತು ಆಡ್ತೀವಿ.